ಮೇಲಧಿಕಾರಿಯ ಕಿರುಕುಳವೋ, ಜಾತಿ ತಾರತಮ್ಯವೋ: ದೂರಿನಲ್ಲಿ ಏನೆಂದು ಬರೆಯಬೇಕು?

ಗಿಣಿಗೇರಾ ಉದ್ಯೋಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಸುತ್ತಮುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಅದಿರು, ಕಲ್ಲಿದ್ದಲು ಹಾಗೂ ಕಿಲ್ನಿನಿಂದ (ಅದಿರು ಕಾಯಿಸುವ ಕುಲುಮೆಯಿಂದ) ಹೊರಬರುವ ಕಬ್ಬಿಣದ ಸ್ಯಾಂಪಲ್ಲುಗಳನ್ನು ಪರೀಕ್ಷಿಸಿ ಪ್ರತಿ ಪಾಳಿಯಲ್ಲಿ ವರದಿ ಬರೆಯುವುದು ನನ್ನ ಕೆಲಸ. ನಾನು ಪರಿಶಿಷ್ಟ ಜಾತಿಗೆ ಸೇರಿದವನು. ಈ ಸಂಗತಿಯನ್ನು ನಾನು ಕಾರ್ಖಾನೆಯಲ್ಲಿ ಮುಚ್ಚಿಟ್ಟವನೂ ಅಲ್ಲ, ಹೇಳಿಕೊಂಡು ತಿರುಗಿದವನೂ ಅಲ್ಲ.

ಕಳೆದ ವರ್ಷ ನಮ್ಮ ವಿಭಾಗಕ್ಕೆ ಹೊಸ ಶಿಫ್ಟ್ ಇನ್‌ಚಾರ್ಜ್ ಬಂದರು. ಅವರ ಮಾತು ಮೊದಲಿನಿಂದಲೂ ಒರಟು. ವರದಿ ಸ್ವಲ್ಪ ತಡವಾದರೂ ಎಲ್ಲರೆದುರು ಕೂಗಾಡುತ್ತಾರೆ, ಕಾಗದವನ್ನು ಮೇಜಿನ ಮೇಲೆ ಬಿಸಾಡುತ್ತಾರೆ, ರಜೆ ಕೇಳಲು ಹೋದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುತ್ತಾರೆ. ಲ್ಯಾಬಿನವರೆಲ್ಲರೂ ಇದನ್ನು ಅನುಭವಿಸಿದ್ದಾರೆ. ಅವರದೇ ಸಮುದಾಯದ, ಅವರ ಊರ ಕಡೆಯ ಹುಡುಗನೊಬ್ಬನೂ ಬೈಸಿಕೊಂಡಿದ್ದಾನೆ.

ಏಪ್ರಿಲ್‌ನಲ್ಲಿ ನಮ್ಮೂರಿನ ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ನಾನಿದ್ದ ಫೋಟೊವನ್ನು ಸಹೋದ್ಯೋಗಿಯೊಬ್ಬರು ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅದಾದ ಮೇಲೆ ನನ್ನ ವಿಷಯದಲ್ಲಿ ಮಾತ್ರ ಕೆಲವು ಬದಲಾವಣೆಗಳಾದವು. ಚಹಾ ತರುವ ಹುಡುಗನಿಗೆ ಇನ್‌ಚಾರ್ಜ್ ಅವರು, ಇವರಿಗೆ ಪೇಪರ್ ಕಪ್ಪಿನಲ್ಲಿ ಕೊಡು ಎಂದು ನನ್ನೊಬ್ಬನನ್ನು ತೋರಿಸಿ ಹೇಳಿದರು. ಉಳಿದವರಿಗೆ ಇಂದಿಗೂ ಗಾಜಿನ ಲೋಟವೇ ಇದೆ. ಸರದಿಯಂತೆ ಎಲ್ಲರಿಗೂ ಬರುತ್ತಿದ್ದ ರಾತ್ರಿ ಪಾಳಿ ನನಗೆ ಬಿಡದೆ ಬರತೊಡಗಿತು. ಒಂದು ದಿನ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ವೇ ಬ್ರಿಡ್ಜ್ (ಲಾರಿ ತೂಗುವ ಜಾಗ) ಕಿಟಕಿಯ ಬಳಿ ವರದಿ ಕೊಡಲು ಹೋದಾಗ, "ಎಷ್ಟು ಕಲಿತ್ರೇನಲೇ, ನಿಮ್ಮ ಕೇರಿ ಬುದ್ಧಿ ಎಲ್ಲಿ ಹೋಗ್ತದ" ಎಂದರು. ನಂತರ, ಅದಿರಿನ ತೇವಾಂಶದ ವರದಿ ತಡವಾಯಿತೆಂದು ನನಗೆ ಮೆಮೊ ಬಂತು, ಆ ಮೆಮೊ ತೋರಿಸಿ ಈ ಸಲದ ಇನ್‌ಕ್ರಿಮೆಂಟ್ ತಡೆಹಿಡಿದರು.

ಎಚ್‌.ಆರ್. ವಿಭಾಗಕ್ಕೆ ಹೋಗಿ ಹೇಳಿಕೊಂಡಾಗ ಅಲ್ಲಿನ ಅಧಿಕಾರಿ, ಅವರು ಎಲ್ಲರ ಜೊತೆಗೂ ಹಾಗೆಯೇ ಇರುತ್ತಾರೆ, ಇದಕ್ಕೆ ಜಾತಿಯ ಮಾತು ತರಬೇಡಿ, ತಂದರೆ ನಿಮಗೇ ತೊಂದರೆ ಎಂದರು. ಮನೆಯಲ್ಲಿ ಅಣ್ಣ, ನೇರವಾಗಿ ಅಟ್ರಾಸಿಟಿ ಕೇಸು ಹಾಕು ಎನ್ನುತ್ತಿದ್ದಾನೆ. ನನಗೆ ಕೆಲಸವೂ ಬೇಕು, ಮರ್ಯಾದೆಯೂ ಬೇಕು. ಇದು ಸಾಮಾನ್ಯ ಕಿರುಕುಳವೋ ಅಥವಾ ಜಾತಿ ತಾರತಮ್ಯವೋ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ದೂರನ್ನು ಎಲ್ಲಿಗೆ, ಏನೆಂದು ಬರೆಯಬೇಕು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಕಾರ್ಮಿಕ ನಿರೀಕ್ಷಕ, ರಾಯಚೂರು

ತಮ್ಮ ಪತ್ರವನ್ನು ಎರಡು ಸಲ ಓದಿದೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳಿಂದ ಹಿಡಿದು ಗಂಗಾವತಿಯ ಅಕ್ಕಿ ಗಿರಣಿಗಳವರೆಗೆ ಇಂಥ ದೂರುಗಳನ್ನು ವಿಚಾರಿಸಿದ ಅನುಭವದಿಂದ ಹೇಳುವುದಾದರೆ, ಹೆಚ್ಚಿನ ದೂರುಗಳು ಬಿದ್ದುಹೋಗುವುದು ಅನ್ಯಾಯ ನಡೆಯದಿದ್ದುದರಿಂದಲ್ಲ. ಬೇರೆ ಬೇರೆ ಸ್ವರೂಪದ ಅನ್ಯಾಯಗಳನ್ನು ಒಂದೇ ಅರ್ಜಿಯಲ್ಲಿ ಕಲಸಿ, ಯಾವುದಕ್ಕೆ ಏನು ಆಧಾರ ಎಂದು ಬಿಡಿಸಿ ಬರೆಯದೆ ಹೋಗುವುದರಿಂದ.

ಬೈಗುಳ ಎಷ್ಟು ಕಠೋರವಾಗಿತ್ತು ಎಂಬುದು ಕಿರುಕುಳಕ್ಕೂ ತಾರತಮ್ಯಕ್ಕೂ ಇರುವ ಗಡಿಯನ್ನು ನಿರ್ಧರಿಸುವುದಿಲ್ಲ. ಅತ್ಯಂತ ಕೆಟ್ಟದಾಗಿ ಬೈಯುವ ಅಧಿಕಾರಿ ತಾರತಮ್ಯ ಮಾಡದೆ ಇರಬಹುದು, ಒಂದು ಕೆಟ್ಟ ಮಾತನ್ನೂ ಆಡದ ಅಧಿಕಾರಿ ಸದ್ದಿಲ್ಲದೆ ಪಾಳಿ ಪಟ್ಟಿಯಲ್ಲೇ ತಾರತಮ್ಯ ಮಾಡಬಹುದು. ನೋಡಬೇಕಾದದ್ದು ಎರಡೇ ಸಂಗತಿ: ಇದೇ ಪರಿಸ್ಥಿತಿಯಲ್ಲಿದ್ದ ಬೇರೆಯವರನ್ನು ಹೇಗೆ ನಡೆಸಿಕೊಂಡರು, ತಮ್ಮನ್ನು ಬೇರೆಯಾಗಿ ನಡೆಸಿಕೊಂಡಿದ್ದರೆ ಆ ವ್ಯತ್ಯಾಸಕ್ಕೆ ಕಾರಣವೇನು. ಕೂಗಾಟ, ಕಾಗದ ಬಿಸಾಡುವುದು, ರಜೆಗೆ ಸತಾಯಿಸುವುದು ಎಲ್ಲರಿಗೂ ಆಗಿದೆ ಎಂದು ತಾವೇ ಪ್ರಾಮಾಣಿಕವಾಗಿ ಬರೆದಿದ್ದೀರಿ. ಅದು ಕಿರುಕುಳ. ಪೇಪರ್ ಕಪ್ಪು, ನಿರಂತರ ರಾತ್ರಿ ಪಾಳಿ, ಕೇರಿಯ ಹೆಸರೆತ್ತಿ ಆಡಿದ ಮಾತು, ಇವು ತಮ್ಮೊಬ್ಬರಿಗೇ ಆಗಿವೆ. ಅದೂ ಏಪ್ರಿಲ್ ನಂತರ. ಇವು ತಾರತಮ್ಯದ ಕಡೆಗೆ ವಾಲುತ್ತವೆ. ಮೆಮೊ ಮತ್ತು ಇನ್‌ಕ್ರಿಮೆಂಟ್ ಎರಡರ ನಡುವೆ ನಿಂತಿವೆ, ಅವು ಯಾವ ಕಡೆಗೆ ಸೇರುತ್ತವೆ ಎಂಬುದನ್ನು ದಾಖಲೆ ಹೇಳಬೇಕು.

"ಎಲ್ಲರ ಜೊತೆಗೂ ಹಾಗೆಯೇ ಇರುತ್ತಾರೆ" ಎಂಬ ಉತ್ತರವನ್ನು ನನ್ನ ಸೇವೆಯುದ್ದಕ್ಕೂ ಕೇಳಿದ್ದೇನೆ. ಅದನ್ನು ಒಮ್ಮೆಲೇ ಸುಳ್ಳೆಂದು ತಳ್ಳಿಹಾಕಬಾರದು, ಒಮ್ಮೆಲೇ ಒಪ್ಪಲೂಬಾರದು. ಎಲ್ಲರನ್ನೂ ಬೈಯುವವರು ಒಬ್ಬನನ್ನು ಸೋಮಾರಿ ಎಂದು, ಇನ್ನೊಬ್ಬನನ್ನು ಮರೆಗುಳಿ ಎಂದು ಬೈದು, ಮೂರನೆಯವನಿಗೆ ಮಾತ್ರ ಅವನ ಕೇರಿಯನ್ನು ಎತ್ತಿ ಆಡಿದರೆ, ಆ ಮೂರನೆಯವನಿಗೆ ಆದದ್ದು ಉಳಿದಿಬ್ಬರಿಗೆ ಆದದ್ದೇ ಅಲ್ಲ.

ಕಾನೂನಿನ ಕಡೆಯಿಂದ ನೋಡಿದರೆ, ಕೆಲಸದ ಸ್ಥಳದ ಸಾಮಾನ್ಯ ಕಿರುಕುಳಕ್ಕೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಅದರಡಿಯ ಆಂತರಿಕ ಸಮಿತಿ ಜಾತಿಯ ದೂರನ್ನಾಗಲಿ ಒರಟುತನದ ದೂರನ್ನಾಗಲಿ ವಿಚಾರಿಸುವುದಿಲ್ಲ. ಆದ್ದರಿಂದ ತಮ್ಮಂಥವರಿಗೆ ಕೈಗಾರಿಕಾ ಕಾನೂನೇ ದಾರಿ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದ್ದು, 20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಕೈಗಾರಿಕಾ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನಗಳೊಳಗೆ ವಿಚಾರಣೆ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ತಾವು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಯ (ಕಾರ್ಮಿಕ ವಿವಾದಗಳಲ್ಲಿ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ) ಮುಂದೆ ಹೋಗಬಹುದು.

ಲ್ಯಾಬಿನಲ್ಲಿ ತಾಂತ್ರಿಕ ಕೆಲಸ ಮಾಡುವವರು ಸಂಹಿತೆಯ ಪ್ರಕಾರ ಕಾರ್ಮಿಕರೇ. ಹುದ್ದೆಯ ಹೆಸರಿನಲ್ಲಿ ಅಸಿಸ್ಟೆಂಟ್ ಆಫೀಸರ್ ಎಂದಿದ್ದರೂ ಹೆದರಬೇಕಿಲ್ಲ, ಮಾಡುವ ಕೆಲಸ ಯಾವುದು ಎಂಬುದೇ ಮುಖ್ಯ. ಇದೇ ಸಂಹಿತೆಯ ಎರಡನೆಯ ಅನುಸೂಚಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಿದೆ. ಅರ್ಹತೆಯನ್ನು ನೋಡದೆ ಒಂದು ಗುಂಪಿನ ಕಾರ್ಮಿಕರಿಗೆ ಪಕ್ಷಪಾತ ತೋರುವುದು ಅದರಲ್ಲಿ ಸೇರಿದೆ. ಪಾಳಿ ಪಟ್ಟಿಯ ವಿಷಯವನ್ನು ಈ ದೃಷ್ಟಿಯಿಂದ ಬರೆದರೆ, ಜಾತಿಯೇ ಕಾರಣ ಎಂದು ಸಾಬೀತಾಗದೆ ಹೋದರೂ ದೂರು ಸಂಪೂರ್ಣವಾಗಿ ಬಿದ್ದುಹೋಗುವುದಿಲ್ಲ.

ತಾವು ಉತ್ತರಿಸಬೇಕಾದ ಪ್ರಶ್ನೆಗಳಿವೆ. ವೇ ಬ್ರಿಡ್ಜ್ ಬಳಿ ಆ ಮಾತು ಆಡಿದಾಗ ಯಾರು ಯಾರಿದ್ದರು? ತೇವಾಂಶದ ವರದಿ ಬೇರೆಯವರಿಂದಲೂ ತಡವಾಗಿತ್ತೇ, ಆಗ ಅವರಿಗೆ ಮೆಮೊ ಕೊಟ್ಟಿದ್ದರೇ?

ತೋರಣಗಲ್ಲು ಸೂಪರ್‌ವೈಸರ್

ನಾನು ಬಳ್ಳಾರಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೇನೆ. ಪ್ರಶ್ನೆ ಕೇಳಿದವರ ನೋವಿನ ಬಗ್ಗೆ ನನಗೆ ಪೂರ್ಣ ಗೌರವವಿದೆ, ಪೇಪರ್ ಕಪ್ಪಿನ ಸಂಗತಿ ಓದಿ ಮನಸ್ಸಿಗೆ ಬಹಳ ಕಸಿವಿಸಿಯಾಯಿತು. ಆದರೂ ಇನ್ನೊಂದು ಮಗ್ಗುಲನ್ನು ಹೇಳಬೇಕು ಅನ್ನಿಸುತ್ತದೆ. ಅದಿರಿನ ತೇವಾಂಶದ ವರದಿ ಸಣ್ಣ ಕೆಲಸವಲ್ಲ. ಲಾರಿಯಲ್ಲಿ ಬಂದ ಒಟ್ಟು ತೂಕದಿಂದ ತೇವಾಂಶವನ್ನು ಕಳೆದೇ ಪೂರೈಕೆದಾರರಿಗೆ ಹಣ ಕೊಡುವುದು. ವರದಿ ತಡವಾದರೆ ಲಾರಿಗಳು ನಿಲ್ಲುತ್ತವೆ, ಮೇಲಿನವರಿಂದ ನಮಗೂ ಬೈಗುಳ ಬರುತ್ತದೆ. ಕೆಲಸದಲ್ಲಿ ಲೋಪವಾದಾಗ ಮೆಮೊ ಕೊಡುವುದು ಮೇಲಧಿಕಾರಿಯ ಕರ್ತವ್ಯ. ಮೆಮೊ ಪಡೆದ ಪ್ರತಿಯೊಬ್ಬರೂ ಅದನ್ನು ಜಾತಿಗೆ ಜೋಡಿಸಿದರೆ, ನಿಜವಾಗಿ ಜಾತಿಯ ಕಾರಣಕ್ಕೆ ನೊಂದವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ದಯವಿಟ್ಟು ತಪ್ಪು ತಿಳಿಯಬೇಡಿ.

ಬಳ್ಳಾರಿ ವಕೀಲ

ಸೂಪರ್‌ವೈಸರ್ ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಲಸದಲ್ಲಿ ಲೋಪವಿತ್ತು ಎಂಬುದು ಸಾಬೀತಾದ ಮಾತ್ರಕ್ಕೆ ತಾರತಮ್ಯ ಇರಲಿಲ್ಲ ಎಂದಾಗುವುದಿಲ್ಲ. ಒಂದೇ ಲೋಪಕ್ಕೆ ಒಬ್ಬರಿಗೆ ಬಾಯಿಮಾತಿನ ಎಚ್ಚರಿಕೆ, ಇನ್ನೊಬ್ಬರಿಗೆ ಲಿಖಿತ ಮೆಮೊ ಮತ್ತು ಇನ್‌ಕ್ರಿಮೆಂಟ್ ತಡೆ ಎಂದಾದರೆ, ಆಗ ವಿಚಾರಣೆಯ ವಿಷಯ ಲೋಪವಲ್ಲ, ಶಿಕ್ಷೆಯಲ್ಲಿನ ವ್ಯತ್ಯಾಸ. ಆದ್ದರಿಂದಲೇ ಮೇಲಿನ ಹಿರಿಯರು ಕೇಳಿದ ಎರಡನೆಯ ಪ್ರಶ್ನೆ ಅಷ್ಟು ಮುಖ್ಯವಾದದ್ದು.

ಈಗ ದೌರ್ಜನ್ಯ ತಡೆ ಕಾಯ್ದೆಯ ವಿಷಯ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989ರ ಕಲಂ 3(1)(ಆರ್) ಮತ್ತು 3(1)(ಎಸ್) ಇಲ್ಲಿ ಚರ್ಚೆಗೆ ಬರುತ್ತವೆ. ಮೊದಲನೆಯದು ಅವಮಾನಿಸುವ ಉದ್ದೇಶದಿಂದ ನಿಂದಿಸುವುದಕ್ಕೆ ಅಥವಾ ಬೆದರಿಸುವುದಕ್ಕೆ, ಎರಡನೆಯದು ಜಾತಿಯ ಹೆಸರು ಹಿಡಿದು ಬೈಯುವುದಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬಾರದು, ಕೃತ್ಯ ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಡೆದಿರಬೇಕು. ನಮ್ಮ ಭಾಗದಲ್ಲಿ ಮೇಲ್ವಿಚಾರಕರು ಪರಿಶಿಷ್ಟ ಪಂಗಡದವರಾಗಿದ್ದು ದೂರುದಾರರು ಪರಿಶಿಷ್ಟ ಜಾತಿಯವರಾಗಿರುವ ಸಂದರ್ಭಗಳು ಅಪರೂಪವಲ್ಲ. ಅಂಥ ಕಡೆ ಅವಮಾನ ಎಷ್ಟೇ ಘೋರವಾಗಿದ್ದರೂ ಈ ಕಾಯ್ದೆ ಅನ್ವಯಿಸುವುದಿಲ್ಲ, ಬೇರೆ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆಗಳ ಮಧ್ಯೆ ಆಡಿದ ಮಾತು ಸಾರ್ವಜನಿಕರ ಕಣ್ಣೆದುರು ಆಡಿದ್ದಾಗುವುದಿಲ್ಲ. ನೊಂದವರು ಪರಿಶಿಷ್ಟ ಜಾತಿಯವರು ಎಂಬ ಒಂದೇ ಕಾರಣಕ್ಕೆ ಪ್ರತಿ ಅವಮಾನವೂ ಈ ಕಾಯ್ದೆಯ ಅಪರಾಧವಾಗುವುದಿಲ್ಲ, ಅವರು ಆ ಜಾತಿಯವರು ಎಂಬ ಕಾರಣಕ್ಕೇ ಅವಮಾನಿಸಿರಬೇಕು. 2025ರ ಜನವರಿಯ ಕರುಪ್ಪುಡೈಯಾರ್ ಪ್ರಕರಣ ತಮಿಳುನಾಡಿನ ಒಂದು ಸರ್ಕಾರಿ ಕಚೇರಿಯೊಳಗೆ ನಡೆದದ್ದು. ಘಟನೆ ಕೊಠಡಿಯೊಳಗೆ ನಡೆದು, ಸಹೋದ್ಯೋಗಿಗಳು ಅನಂತರ ಬಂದಿದ್ದರಿಂದ ಆ ಮೊಕದ್ದಮೆ ರದ್ದಾಯಿತು. ತಮ್ಮ ಪ್ರಕರಣದಲ್ಲಿ ಲ್ಯಾಬಿನೊಳಗೆ ನಡೆದದ್ದಕ್ಕೂ ವೇ ಬ್ರಿಡ್ಜ್ ಬಳಿ ನಡೆದದ್ದಕ್ಕೂ ಕಾನೂನಿನ ಕಣ್ಣಿನಲ್ಲಿ ಎಷ್ಟು ಅಂತರವಿದೆ ಎಂಬುದು ಇದರಿಂದ ತಿಳಿಯುತ್ತದೆ. ವೇ ಬ್ರಿಡ್ಜ್ ಬಳಿ ಹೊರಗಿನ ಲಾರಿ ಚಾಲಕರು, ಕ್ಲೀನರ್‌ಗಳು ಇರುತ್ತಾರೆ. ಅವರು ತಮ್ಮ ಬಂಧುಗಳೂ ಅಲ್ಲ, ಸ್ನೇಹಿತರೂ ಅಲ್ಲ. ಅಂಥ ಸಾಕ್ಷಿಗೆ ಇಲ್ಲಿ ಬಹಳ ತೂಕವಿದೆ.

ಆರೋಪಿಗೆ ತಮ್ಮ ಜಾತಿ ಗೊತ್ತಿರಲಿಲ್ಲ ಎಂಬ ವಾದ ಬಂದರೆ, ಕಲಂ 8(ಸಿ) ತಮ್ಮ ನೆರವಿಗೆ ಬರುತ್ತದೆ. ನೊಂದವರನ್ನಾಗಲಿ ಅವರ ಕುಟುಂಬವನ್ನಾಗಲಿ ಆರೋಪಿ ವೈಯಕ್ತಿಕವಾಗಿ ಬಲ್ಲವನಾಗಿದ್ದರೆ, ಜಾತಿಯ ಅರಿವಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ, ಇಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಜಾತಿ ಗೊತ್ತಿತ್ತು ಎಂಬುದೇ ಬೇರೆ, ಜಾತಿಯ ಕಾರಣಕ್ಕೆ ಮಾಡಿದರು ಎಂಬುದೇ ಬೇರೆ. ಎರಡನೆಯದಕ್ಕೆ ಆಡಿದ ಮಾತೇ ಆಧಾರವಾಗಬೇಕು, ಹೀಗಾಗಿ ಆ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಬರೆದಿಡಿ. ಜಾತಿಯ ಹೆಸರು ನೇರವಾಗಿ ಇಲ್ಲದಿದ್ದರೂ ನಮ್ಮ ಸೀಮೆಯಲ್ಲಿ ಕೇರಿ ಎಂದರೆ ಯಾರಿಗೆ ಹೇಳಿದ್ದು ಎಂಬುದು ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಆ ಅರ್ಥವನ್ನು ಸಾಕ್ಷಿಗಳ ಬಾಯಿಂದ ಹೇಳಿಸಬೇಕು.

ಪೇಪರ್ ಕಪ್ಪಿನದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸೀಮಿತವಾದರೂ, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಖಾಸಗಿಯವರನ್ನೂ ಬಿಡುವುದಿಲ್ಲ. ಅದರ ಜಾರಿಗಾಗಿ ಇರುವ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955ರ ಕಲಂ 12ರ ಪ್ರಕಾರ, ಆ ಕಾಯ್ದೆಯಡಿ ಅಪರಾಧವಾಗುವ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಮೊದಲು ಭಾವಿಸಿಕೊಳ್ಳುತ್ತದೆ. ಈ ಕಲಮನ್ನು ನಮ್ಮ ವಕೀಲರಲ್ಲೇ ಹಲವರು ಮರೆತುಬಿಡುತ್ತಾರೆ.

ಪೊಲೀಸ್ ಠಾಣೆಗೆ ಹೋಗುವುದಾದರೆ, 2018ರಲ್ಲಿ ಸೇರಿಸಿದ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ಕಾಯ್ದೆಯ ನಿಯಮಗಳ ಪ್ರಕಾರ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ, ಫೋನನ್ನೂ ಬದಲಿಸದೆ ಇಟ್ಟುಕೊಳ್ಳಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಡಿ ಪ್ರಮಾಣಪತ್ರ ಬೇಕಾಗುತ್ತದೆ. ವಕೀಲರ ಖರ್ಚಿನ ಚಿಂತೆ ಬೇಡ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಕೊಪ್ಪಳದಲ್ಲೂ ಅದರ ಕಚೇರಿ ಇದೆ.

ಸಿಂಧನೂರಿನ ನರ್ಸ್

ನಾನು ಸಿಂಧನೂರಿನವಳು, ಈಗ ಬ್ರಿಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಇದೇ ಪ್ರಶ್ನೆ ಇಲ್ಲಿ ಜನಾಂಗದ ರೂಪದಲ್ಲಿ ಏಳುತ್ತದೆ, ಆದ್ದರಿಂದ ಇಲ್ಲಿನ ಕ್ರಮವನ್ನು ತಿಳಿಸಿದರೆ ಯೋಚಿಸಲು ಅನುಕೂಲವಾಗಬಹುದು ಎಂದು ಬರೆಯುತ್ತಿದ್ದೇನೆ.

ಇಲ್ಲಿಯೂ ಸಾಮಾನ್ಯ ಕಿರುಕುಳ ಎಂಬುದು ತಾನೇತಾನಾಗಿ ಕಾನೂನಿನ ಉಲ್ಲಂಘನೆಯಲ್ಲ. 2010ರ ಸಮಾನತಾ ಕಾಯ್ದೆ ಒಂಬತ್ತು ಲಕ್ಷಣಗಳಿಗೆ ರಕ್ಷಣೆ ಕೊಟ್ಟಿದೆ. ಜನಾಂಗ ಅವುಗಳಲ್ಲೊಂದು, ಬಣ್ಣ, ರಾಷ್ಟ್ರೀಯತೆ, ಜನಾಂಗೀಯ ಮೂಲ ಎಲ್ಲವೂ ಅದರೊಳಗೆ ಬರುತ್ತವೆ. ಕಿರುಕುಳ ಈ ಲಕ್ಷಣಗಳಲ್ಲಿ ಒಂದಕ್ಕೆ ಸಂಬಂಧಿಸಿದ್ದರೆ ಮಾತ್ರ ಈ ಕಾಯ್ದೆಯಡಿ ಉದ್ಯೋಗ ನ್ಯಾಯಮಂಡಳಿಯ ಬಾಗಿಲು ತೆರೆಯುತ್ತದೆ. ಗ್ಲಾಸ್ಗೋ ನಗರಾಡಳಿತದ ವಿರುದ್ಧ ಜಾಫರ್ ಎಂಬುವರ 1997ರ ಪ್ರಕರಣದಲ್ಲಿ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದನ್ನು ನಮ್ಮ ಯೂನಿಯನ್ನಿನವರು ಆಗಾಗ ನೆನಪಿಸುತ್ತಾರೆ: ಮಾಲೀಕರು ವಿವೇಚನೆಯಿಲ್ಲದೆ ನಡೆದುಕೊಂಡರು ಎಂಬುದರಿಂದಲೇ ಜನಾಂಗೀಯ ತಾರತಮ್ಯ ಮಾಡಿದರು ಎಂದು ಊಹಿಸಲಾಗದು, ಅಂಥ ಮಾಲೀಕರು ಎಲ್ಲರೊಡನೆಯೂ ಹಾಗೆಯೇ ನಡೆದುಕೊಳ್ಳುವವರಾಗಿರಬಹುದು. ತಮ್ಮ ಎಚ್‌.ಆರ್. ಅಧಿಕಾರಿ ಹೇಳಿದ ಮಾತೂ ಇದೇ ಧಾಟಿಯದು. ಆದರೆ ಇಲ್ಲಿನ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ. ತಾರತಮ್ಯ ನಡೆದಿದೆ ಎಂದು ತೀರ್ಮಾನಿಸಬಹುದಾದಷ್ಟು ಸಂಗತಿಗಳನ್ನು ಉದ್ಯೋಗಿ ಮುಂದಿಟ್ಟರೆ, ಕಲಂ 136ರ ಪ್ರಕಾರ, ತಾರತಮ್ಯ ಮಾಡಿಲ್ಲವೆಂದು ತೋರಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ.

ನಮ್ಮ ವಾರ್ಡಿನ ಮೇಲ್ವಿಚಾರಕಿ ಎಲ್ಲರಿಗೂ ಸಿಡುಕುತ್ತಿದ್ದರು. ಅದನ್ನು ನಾವು ಸಹಿಸಿಕೊಂಡಿದ್ದೆವು. ಆದರೆ ಬೆಳಗಿನ ಔಷಧಿ ಸುತ್ತು ತಡವಾದಾಗ ಇಲ್ಲಿಯವರೇ ಆದ ನರ್ಸ್‌ಗೆ ಪಕ್ಕಕ್ಕೆ ಕರೆದು ಮಾತಿನಲ್ಲಿ ಹೇಳಿದರೆ, ನನ್ನಂತೆ ಹೊರದೇಶದಿಂದ ಬಂದವರಿಗೆ ಅದೇ ವಿಳಂಬಕ್ಕೆ ಸಾಮರ್ಥ್ಯದ ಕೊರತೆ ಎಂದು ಲಿಖಿತವಾಗಿ ದಾಖಲಿಸುತ್ತಿದ್ದರು. ಫಿಲಿಪ್ಪೀನ್ಸ್‌ನ ಒಬ್ಬ ಸಹೋದ್ಯೋಗಿ ಮತ್ತು ನಾನು ನಮ್ಮ ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಕಣ್ಣಿಗೆ ಬಿತ್ತು. ನಮ್ಮ ದೂರಿನಲ್ಲಿ ಸಿಡುಕಿನ ಬಗ್ಗೆ ಒಂದು ವಾಕ್ಯವನ್ನೂ ಬರೆಯಲಿಲ್ಲ. ಒಂದೇ ಬಗೆಯ ವಿಳಂಬ, ಎರಡು ಬಗೆಯ ಕ್ರಮ, ದಿನಾಂಕಗಳು, ಅಷ್ಟೇ ಬರೆದೆವು. ದಾಖಲೆಗಳನ್ನು ಮರುಪರಿಶೀಲಿಸಿ ನಮ್ಮ ಕಡತದಿಂದ ಆ ಟಿಪ್ಪಣಿಗಳನ್ನು ತೆಗೆದರು.

ಜಾತಿಯ ವಿಷಯವೂ ಇಲ್ಲಿನ ನ್ಯಾಯಮಂಡಳಿಗಳಿಗೆ ಬಂದಿದೆ. ಭಾರತದಿಂದ ಮನೆಗೆಲಸಕ್ಕೆಂದು ಕರೆತಂದಿದ್ದ ಆದಿವಾಸಿ ಮಹಿಳೆಯೊಬ್ಬರ ಪ್ರಕರಣದಲ್ಲಿ, ಜಾತಿಯ ಕೆಲವು ಸ್ವರೂಪಗಳು ಜನಾಂಗೀಯ ಮೂಲ ಎಂಬುದರೊಳಗೆ ಬರಬಹುದು ಎಂದು ಮೇಲ್ಮನವಿ ನ್ಯಾಯಮಂಡಳಿ 2014ರಲ್ಲಿ ಹೇಳಿತು.

ನನಗೆ ಇನ್ನೊಂದು ಚಿಂತೆ ಇದೆ. ನಮ್ಮ ಬಳ್ಳಾರಿ, ಕೊಪ್ಪಳದ ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್‌ನ ಕಾರ್ಮಿಕರಿದ್ದಾರೆ. ಅವರ ಭಾಷೆ, ಬಣ್ಣ, ಊರಿನ ಬಗ್ಗೆ ಆಡುವ ಮಾತುಗಳನ್ನು ರಜೆಗೆ ಬಂದಾಗ ನನ್ನ ಕಿವಿಯಾರೆ ಕೇಳಿದ್ದೇನೆ. ಅವರಲ್ಲಿ ಪರಿಶಿಷ್ಟರಲ್ಲದವರು ಖಾಸಗಿ ಕಾರ್ಖಾನೆಯಲ್ಲಿ ಯಾವ ಕಾನೂನಿನ ಮೊರೆ ಹೋಗಬೇಕು?

ಬಳ್ಳಾರಿ ವಕೀಲ

ಮೇಡಂ, ಅದು ನಮ್ಮ ಕಾನೂನಿನ ದೊಡ್ಡ ಕೊರತೆ. ಸಂವಿಧಾನದ 15 ಮತ್ತು 16ನೇ ವಿಧಿಗಳಲ್ಲಿ ಮೂಲವಂಶ (ಜನಾಂಗ), ಜನ್ಮಸ್ಥಳ ಎಂಬ ಪದಗಳಿವೆ, ಆದರೆ ಉದ್ಯೋಗದ ವಿಷಯದಲ್ಲಿ ಅವು ಕಟ್ಟಿಹಾಕುವುದು ಸರ್ಕಾರವನ್ನು. ಉದ್ಯೋಗದಲ್ಲಿ ತಾರತಮ್ಯ ಕೂಡದು ಎಂಬ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಯನ್ನು ಭಾರತ 1960ರಲ್ಲೇ ಸ್ಥಿರೀಕರಿಸಿದೆ. ಬ್ರಿಟನ್ನಿನಂತೆ ಖಾಸಗಿ ಮಾಲೀಕರಿಗೂ ಅನ್ವಯಿಸುವ ಸಮಗ್ರ ಸಮಾನತಾ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ. ಅಂಥ ಕಾರ್ಮಿಕರಿಗೆ ಉಳಿಯುವುದು ಹಿರಿಯರು ಹೇಳಿದ ಕುಂದುಕೊರತೆ ಸಮಿತಿ, ಅನುಚಿತ ಕಾರ್ಮಿಕ ಪದ್ಧತಿಯ ದೂರು, ತೀರಾ ಮಿತಿಮೀರಿದಾಗ ಭಾರತೀಯ ನ್ಯಾಯ ಸಂಹಿತೆಯ ಅವಮಾನ ಮತ್ತು ಬೆದರಿಕೆಯ ಕಲಂಗಳು.

ಗಿಣಿಗೇರಾ ಉದ್ಯೋಗಿ

ಎಲ್ಲರಿಗೂ ಕೃತಜ್ಞತೆಗಳು. ಸಿಂಧನೂರಿನ ಅಕ್ಕಾವರೇ, ತಾವು ಬರೆದದ್ದನ್ನು ಓದಿ ನಾನೂ ಲ್ಯಾಬಿನ ರಿಜಿಸ್ಟರ್ ತೆಗೆದು ನೋಡಿದೆ. ಪ್ರತಿ ಸ್ಯಾಂಪಲ್ ಬಂದ ಸಮಯ, ಓವನ್ನಿಗೆ ಇಟ್ಟ ಸಮಯ, ವರದಿ ಕೊಟ್ಟ ಸಮಯ ಎಲ್ಲವನ್ನೂ ಅದರಲ್ಲಿ ಬರೆಯುತ್ತೇವೆ. ಅದಿರನ್ನು 105 ಡಿಗ್ರಿಯ ಓವನ್ನಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಲೇಬೇಕು, ಅದನ್ನು ಅವಸರಪಡಿಸಲು ಬರುವುದಿಲ್ಲ. ಮೆಮೊದಲ್ಲಿ ಹೇಳಿದ ದಿನ ಸ್ಯಾಂಪಲ್ಲೇ ಪಾಳಿ ಮುಗಿಯುವ ಹೊತ್ತಿಗೆ ಬಂದಿದೆ, ಆ ಸಮಯ ರಿಜಿಸ್ಟರಿನಲ್ಲಿದೆ. ಅದೇ ತಿಂಗಳಲ್ಲಿ ಬೇರೆ ಇಬ್ಬರ ವರದಿಗಳೂ ತಡವಾಗಿದ್ದು, ಅವುಗಳ ಎದುರು ಇನ್‌ಚಾರ್ಜ್ ಅವರು "ವಿಳಂಬ, ಗಮನಿಸಿದೆ" ಎಂದಷ್ಟೇ ಬರೆದು ಸಹಿ ಮಾಡಿದ್ದಾರೆ. ಆ ಇಬ್ಬರಿಗೂ ಮೆಮೊ ಬಂದಿಲ್ಲ. ಅವರಲ್ಲಿ ಒಬ್ಬ ನಾನು ಮೊದಲು ಹೇಳಿದ ಹುಡುಗನೇ.

ವೇ ಬ್ರಿಡ್ಜ್ ಬಳಿ ಆಪರೇಟರ್ ಜೊತೆ ಸಂಡೂರಿನಿಂದ ಅದಿರು ತಂದಿದ್ದ ಇಬ್ಬರು ಲಾರಿ ಚಾಲಕರಿದ್ದರು. ಒಬ್ಬರು ಆಗಲೇ, ಯಾಕ್ರೀ ಸಾಹೇಬರೇ ಹಂಗ ಅಂತೀರಿ ಎಂದು ಕೇಳಿದ್ದರು. ಅವರ ಲಾರಿಯ ಸಂಖ್ಯೆ ಆ ದಿನದ ತೂಕದ ಚೀಟಿಯಲ್ಲಿದೆ. ಇನ್‌ಚಾರ್ಜ್ ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲ. ನಮ್ಮಲ್ಲಿ ಯೂನಿಯನ್ ಇಲ್ಲ, ಕುಂದುಕೊರತೆ ಸಮಿತಿ ಇದೆ ಎಂದು ನೋಟಿಸ್ ಬೋರ್ಡಿನಲ್ಲಿ ಹೆಸರುಗಳನ್ನು ಹಾಕಿದ್ದಾರೆ. ಎರಡೂ ದೂರುಗಳನ್ನು ಒಟ್ಟಿಗೆ ಕೊಡಬಹುದೇ?

ನಿವೃತ್ತ ಕಾರ್ಮಿಕ ನಿರೀಕ್ಷಕ, ರಾಯಚೂರು

ಕೊಡಬಹುದು. ಸಮಿತಿಯ ಮುಂದಿನ ದೂರು ಮೆಮೊ, ಪಾಳಿ ಮತ್ತು ಇನ್‌ಕ್ರಿಮೆಂಟಿನ ಬಗ್ಗೆ. ಪೊಲೀಸರ ಮುಂದಿನ ದೂರು ವೇ ಬ್ರಿಡ್ಜ್ ಮತ್ತು ಕಪ್ಪಿನ ಬಗ್ಗೆ. ಒಂದು ಇನ್ನೊಂದನ್ನು ತಡೆಯುವುದಿಲ್ಲ. ಠಾಣೆಗೆ ಹೋಗುವುದೋ ಬೇಡವೋ, ಯಾವಾಗ ಹೋಗುವುದು ಎಂಬುದು ತಮ್ಮ ನಿರ್ಧಾರ. ಅಣ್ಣನವರ ಒತ್ತಾಯಕ್ಕೂ ಬೇಡ, ಎಚ್‌.ಆರ್. ಅವರ ಹೆದರಿಕೆಗೂ ಬೇಡ. ಆದರೆ ತಿಂಗಳುಗಟ್ಟಲೆ ತಡಮಾಡಿದರೆ ಏಕೆ ತಡವಾಯಿತು ಎಂಬ ಪ್ರಶ್ನೆ ಎದುರಾಗುತ್ತದೆ, ಲಾರಿ ಚಾಲಕರನ್ನು ಹುಡುಕುವುದೂ ಕಷ್ಟವಾಗುತ್ತದೆ.

ಯೂನಿಯನ್ ಇಲ್ಲದಿರುವುದು ಒಂದು ತೊಡಕು. ಕೆಲಸದಿಂದ ತೆಗೆದರೆ ಒಬ್ಬ ಕಾರ್ಮಿಕ ತಾನೇ ಕೈಗಾರಿಕಾ ವಿವಾದ ಎತ್ತಬಹುದು. ಮೆಮೊ, ಪಾಳಿ, ಇನ್‌ಕ್ರಿಮೆಂಟಿನಂಥ ವಿಷಯಗಳಿಗೆ ಇತರ ಕಾರ್ಮಿಕರ ಅಥವಾ ಸಂಘದ ಬೆಂಬಲ ಬೇಕಾಗುತ್ತದೆ. ಆದ್ದರಿಂದ ಸಮಿತಿಯಲ್ಲಿರುವ ಕಾರ್ಮಿಕ ಪ್ರತಿನಿಧಿಗಳನ್ನು ಮುಂಚಿತವಾಗಿ ಕಂಡು ರಿಜಿಸ್ಟರಿನ ವಿಷಯವನ್ನು ವಿವರಿಸಿ. ಎಲ್ಲರಿಗೂ ಆಗುತ್ತಿರುವ ಕೂಗಾಟದ ಬಗ್ಗೆ ಲ್ಯಾಬಿನವರೆಲ್ಲ ಸಹಿ ಮಾಡಿದ ಪ್ರತ್ಯೇಕ ಅರ್ಜಿಯೊಂದು ಬಂದರೆ ಇನ್ನೂ ಒಳ್ಳೆಯದು. ಅದರಿಂದ ಕಿರುಕುಳದ ದೂರು ಎಲ್ಲರದಾಗುತ್ತದೆ, ತಾರತಮ್ಯದ ದೂರು ತಮ್ಮದಾಗಿಯೇ ಸ್ಪಷ್ಟವಾಗಿ ಉಳಿಯುತ್ತದೆ.

ಬರೆಯುವ ಕ್ರಮದ ಬಗ್ಗೆ ಕೇಳಿದ್ದೀರಿ. "ಇನ್‌ಚಾರ್ಜ್ ಅವರು ಜಾತಿವಾದಿ, ನನಗೆ ಸದಾ ಹಿಂಸೆ ಕೊಡುತ್ತಾರೆ" ಎಂದು ಬರೆದರೆ ಅದು ತಮ್ಮ ಅಭಿಪ್ರಾಯವಷ್ಟೇ ಆಗುತ್ತದೆ. ಹೀಗೆ ಬರೆಯಿರಿ: "ಇಂಥ ದಿನಾಂಕದಂದು ಅದಿರಿನ ಸ್ಯಾಂಪಲ್ ಲ್ಯಾಬಿಗೆ ಬಂದ ಸಮಯ ಇಷ್ಟು, ವರದಿ ಕೊಟ್ಟ ಸಮಯ ಇಷ್ಟು, ರಿಜಿಸ್ಟರ್ ಪುಟ ಸಂಖ್ಯೆ ಇಷ್ಟು. ಅದೇ ತಿಂಗಳ ಇಂಥ ಎರಡು ದಿನಾಂಕಗಳಲ್ಲಿ ಬೇರೆ ಇಬ್ಬರು ನೌಕರರ ವರದಿಗಳೂ ತಡವಾಗಿದ್ದು, ಅವರಿಗೆ ಮೆಮೊ ನೀಡಿಲ್ಲ. ನನಗೆ ಮಾತ್ರ ಮೆಮೊ ನೀಡಿ ಇನ್‌ಕ್ರಿಮೆಂಟ್ ತಡೆಹಿಡಿಯಲು ಕಾರಣವೇನೆಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ." ಇದಾದ ಮೇಲೆ ಪ್ರತ್ಯೇಕ ಪ್ಯಾರಾದಲ್ಲಿ ಏಪ್ರಿಲ್‌ನ ಫೋಟೊ, ನಂತರದ ಕಪ್ಪು, ವೇ ಬ್ರಿಡ್ಜ್ ಬಳಿಯ ಮಾತು, ಇವುಗಳನ್ನು ನಡೆದ ಕ್ರಮದಲ್ಲೇ ಬರೆದು, "ಈ ಸಂಗತಿಗಳಿಂದ ನನ್ನನ್ನು ಬೇರೆಯಾಗಿ ನಡೆಸಿಕೊಳ್ಳಲು ನನ್ನ ಜಾತಿ ಕಾರಣವೆಂದು ನಾನು ನಂಬಿದ್ದೇನೆ" ಎಂದು ಒಂದೇ ವಾಕ್ಯದಲ್ಲಿ ಹೇಳಿ. ಎಚ್‌.ಆರ್. ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದನ್ನು, "ನಮ್ಮ ಇಂದಿನ ಭೇಟಿಯಲ್ಲಿ ತಾವು ಹೀಗೆ ತಿಳಿಸಿದಿರಿ" ಎಂದು ಅವರಿಗೇ ಇ-ಮೇಲ್ ಮಾಡಿ ದಾಖಲೆಗೆ ತನ್ನಿ.

ರಿಜಿಸ್ಟರನ್ನು ಕಾರ್ಖಾನೆಯಿಂದ ಹೊರಗೆ ಒಯ್ಯಬೇಡಿ, ಅದನ್ನೇ ಕಳ್ಳತನವೆಂದು ತಿರುಗಿಸುವವರಿದ್ದಾರೆ. ಪುಟ ಸಂಖ್ಯೆ, ದಿನಾಂಕಗಳನ್ನು ಬರೆದುಕೊಂಡು, ಆ ಪುಟಗಳನ್ನು ತಿದ್ದದೆ ಕಾಯ್ದಿಡಬೇಕು ಮತ್ತು ವಿಚಾರಣೆಯಲ್ಲಿ ಹಾಜರುಪಡಿಸಬೇಕು ಎಂದು ಅರ್ಜಿಯಲ್ಲೇ ಕೇಳಿ. ದೂರಿನ ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯನ್ನು ಪ್ರತಿಗೆ ಲಗತ್ತಿಸಿ ಇಟ್ಟುಕೊಳ್ಳಿ.